ಲಿಗೆಟಿಯ ಪಿಟೀಲು ಕನ್ಸರ್ಟೋ: ಇದು ಅಪಶ್ರುತಿಯಾ, ನನ್ನ ಕಿವಿಯ ತಪ್ಪಾ?

ಪಿಟೀಲು_ಮೈಸೂರು:
ನಮಸ್ಕಾರ. ನಾನು ಹನ್ನೆರಡು ವರ್ಷ ಕರ್ನಾಟಕ ಸಂಗೀತದ ಪಿಟೀಲು ಕಲಿತವಳು. ಈಗ ಮನೆಯಲ್ಲಿ ಮಕ್ಕಳಿಗೆ ಹೇಳಿಕೊಡುತ್ತೇನೆ. ಬೀಥೋವನ್, ಬ್ರಾಮ್ಸ್ ಅವರ ಕನ್ಸರ್ಟೋಗಳು (ಒಬ್ಬರು ಮುಂದೆ ನುಡಿಸುತ್ತಾರೆ, ಆರ್ಕೆಸ್ಟ್ರಾ ಜೊತೆಗಿರುತ್ತದೆ) ಇಷ್ಟ. ಹೋದ ವಾರ ಹಂಗೆರಿಯ ಸಂಗೀತ ರಚನಕಾರ ಲಿಗೆಟಿಯ ಪಿಟೀಲು ಕನ್ಸರ್ಟೋ ಕೇಳಿದೆ. ಗವ್ರಿಲೋಫ್ ನುಡಿಸಿದ್ದು, ಬುಲೇಜ್ ನಿರ್ದೇಶನ. ಎರಡನೇ ಭಾಗ ಶುರುವಾದಾಗ ಹೆಚ್ಚುತ್ತಿದ್ದ ತರಕಾರಿ ಬಿಟ್ಟು ಕೂತೆ. ಒಂಟಿ ಪಿಟೀಲು, ಮಂದ್ರದ ತಂತಿಯಲ್ಲಿ, ಹಳ್ಳಿಯ ಹಾಡಿನಂಥ ಒಂದು ಧಾಟಿ. ಆಮೇಲೆ ಯಾವುದೋ ಊದುವ ವಾದ್ಯಗಳು ಬಂದವು. ಒಂದಕ್ಕೊಂದು ಶ್ರುತಿ ಸೇರುವುದೇ ಇಲ್ಲ! ನನ್ನ ಮಕ್ಕಳು ಹೀಗೆ ನುಡಿಸಿದರೆ ಪಾಠ ನಿಲ್ಲಿಸಿ ಶ್ರುತಿ ಮಾಡಿಸುತ್ತೇನೆ. ಇದನ್ನು ಬೇಕಂತಲೇ ಮಾಡಿದ್ದಾ?

ಬಸವನಗುಡಿ_ಕೇಳುಗ:
ಮೊದಲಿಗೇ ಕಷ್ಟದ್ದು ಹಿಡಿದಿದ್ದೀರಿ ಮೇಡಂ. ರವಿಶಂಕರ್ ಅವರ ಸಿತಾರ್ ಕನ್ಸರ್ಟೋ ಕೇಳಿ. 1971ರದ್ದು, ನಿರ್ದೇಶನ ಆಂದ್ರೆ ಪ್ರೆವಿನ್, ಆರ್ಕೆಸ್ಟ್ರಾ ಲಂಡನ್ ಸಿಂಫನಿ. ರಾಗ ಗುರುತು ಸಿಗುತ್ತದೆ, ದಾರಿ ತಪ್ಪುವುದಿಲ್ಲ.

ರೈನ್_ದಡ:
ದಯವಿಟ್ಟು ಲಿಗೆಟಿಯನ್ನು ಬಿಡಬೇಡಿ. ನಾನಿರುವುದು ಕೊಲೋನ್‌ನಲ್ಲಿ. ಈ ಕೃತಿಯ ಮೊದಲ ರೂಪವನ್ನು ಗವ್ರಿಲೋಫ್ 1990ರಲ್ಲಿ ಇದೇ ಊರಲ್ಲಿ ನುಡಿಸಿದರು. 1992ರಲ್ಲಿ ಅದು ಈಗಿನ ಐದು ಭಾಗಗಳಾಯಿತು.

ನೀವು ಕೇಳಿದ ಊದುವ ವಾದ್ಯ ಒಕರಿನಾ, ಮಣ್ಣಿನ ಪೀಪಿಯ ಹಾಗಿರುತ್ತದೆ. ಕ್ಲಾರಿನೆಟ್‌ನವರೆಲ್ಲ ತಮ್ಮ ವಾದ್ಯ ಬದಿಗಿಟ್ಟು ಅದನ್ನು ಊದುತ್ತಾರೆ. ಅದರ ಶ್ರುತಿ ಸ್ವಲ್ಪ ಅಲುಗಾಡುತ್ತಲೇ ಇರುತ್ತದೆ, ಲಿಗೆಟಿಗೆ ಬೇಕಾಗಿದ್ದೇ ಅದು. ಆ ಧಾಟಿಯೂ ಹೊಸದಲ್ಲ. ಐವತ್ತರ ದಶಕದ ಮೊದಲಲ್ಲಿ, ಇನ್ನೂ ಹಂಗೆರಿಯಲ್ಲಿದ್ದಾಗ, ಪಿಯಾನೋಗೆ ಬರೆದದ್ದು. 1956ರಲ್ಲಿ ದೇಶ ಬಿಟ್ಟು ಬಂದ ಮನುಷ್ಯ ಅಷ್ಟು ವರ್ಷದ ಮೇಲೆ ಅದನ್ನು ಮತ್ತೆ ತೆಗೆದಿದ್ದಾರೆ. ನನಗೆ ಆ ಜಾಗದಲ್ಲಿ ಪ್ರತಿ ಸಲ ಗಂಟಲು ಕಟ್ಟುತ್ತದೆ.

ಇನ್ನೊಂದು ವಿಷಯ ನಿಮಗೇ ಚೆನ್ನಾಗಿ ಅರ್ಥವಾಗುತ್ತದೆ. ಆರ್ಕೆಸ್ಟ್ರಾದ ಒಂದು ಪಿಟೀಲು, ಒಂದು ವಿಯೋಲಾ (ಪಿಟೀಲಿಗಿಂತ ಸ್ವಲ್ಪ ದೊಡ್ಡದು) ಮಾತ್ರ ಬೇರೆ ಶ್ರುತಿಯಲ್ಲಿವೆ. ಡಬಲ್ ಬಾಸ್ ಅನ್ನುವ ದೊಡ್ಡ ಮಂದ್ರ ವಾದ್ಯದ ತಂತಿಯಿಂದ ತಾನಾಗಿ ಹುಟ್ಟುವ ಮೇಲಿನ ನಾದಕ್ಕೆ ಅವನ್ನು ಸೇರಿಸಿರುತ್ತಾರೆ. ತಂಬೂರಿಯ ಮಂದ್ರ ತಂತಿ ಮೀಟಿದಾಗ ಅಂತರ ಗಾಂಧಾರ ಕೇಳುತ್ತದಲ್ಲ, ಸ್ವಯಂಭು ಗಾಂಧಾರ? ಅದೇ ತತ್ವ. ತಂತಿಯ ಮೂಲ ನಾದವನ್ನು ಮೊದಲನೆಯದು ಅಂತ ಎಣಿಸಿದರೆ, ತಾನಾಗಿ ಹುಟ್ಟುವ ನಾದಗಳಲ್ಲಿ ಅದು ಐದನೆಯದು. ಪಿಯಾನೋದ ಗಾಂಧಾರಕ್ಕಿಂತ ಸುಮಾರು 14 ಸೆಂಟ್ ಕೆಳಗೆ (ಪಿಯಾನೋದಲ್ಲಿ ಕಪ್ಪು ಬಿಳಿ ಎರಡೂ ಎಣಿಸಿದರೆ ಒಂದು ಮನೆಯಿಂದ ಪಕ್ಕದ ಮನೆಗೆ 100 ಸೆಂಟ್). ಏಳನೇ ನಾದ ಕೈಶಿಕಿ ನಿಷಾದದ ಹತ್ತಿರ ಬರುತ್ತದೆ, ಆದರೆ ಪಿಯಾನೋದ ನಿಷಾದಕ್ಕಿಂತ 31 ಸೆಂಟ್ ಕೆಳಗೆ. ಪ್ರಕೃತಿ ಕೊಟ್ಟ ಶ್ರುತಿಯೂ ಪಿಯಾನೋದ ಶ್ರುತಿಯೂ ಒಟ್ಟಿಗೆ ನುಡಿಯುತ್ತಿವೆ. ನಿಮಗೆ ಉಜ್ಜಿದ ಹಾಗೆ ಕೇಳುವುದು ಅವೆರಡರ ನಡುವಿನ ಸಂದಿ. ನಿಮ್ಮ ಕಿವಿ ಸರಿಯಾಗೇ ಇದೆ.

ಪಿಟೀಲು_ಮೈಸೂರು:
ಬೆಳಿಗ್ಗೆ ಅಮ್ಮನ ಹಳೆಯ ತಂಬೂರಿ ಇಳಿಸಿದೆ. ತಂತಿ ಕೂರುವ ಕುದುರೆಯ ಮೇಲಿನ ದಾರ ಸರಿ ಕೂರಿಸುವುದಕ್ಕೇ ಅರ್ಧ ಗಂಟೆ ಹೋಯಿತು. ಗಾಂಧಾರ ಬಂತು. ಅದು ಕಿವಿಯಲ್ಲಿರುವಾಗಲೇ ಲಿಗೆಟಿಯ ಮೊದಲ ಭಾಗ ಹಾಕಿದೆ. ಹೋದ ವಾರ ಗಜಿಬಿಜಿ ಅನ್ನಿಸಿದ್ದರೊಳಗೆ ಎರಡು ಪದರ ಬೇರೆ ಬೇರೆಯಾಗಿ ಕೇಳಿದವು! ಎಷ್ಟು ಖುಷಿಯಾಯಿತು ಅಂದರೆ, ಪಾಠಕ್ಕೆ ಬಂದ ಹುಡುಗಿಯನ್ನೂ ಕೂರಿಸಿ ಕೇಳಿಸಿದೆ. ಕೊನೆಯ ಭಾಗದಲ್ಲಿ ಪಿಟೀಲು ಒಂದೇ ತುಂಬಾ ಹೊತ್ತು ಓಡುತ್ತದಲ್ಲ, ಅದು ನಮ್ಮ ಮನೋಧರ್ಮದ ಹಾಗೆ ಆಗಲೇ ಹುಟ್ಟಿಸಿ ನುಡಿಸುವುದಾ?

ರೈನ್_ದಡ:
ಹತ್ತಿರದ್ದು. ಅದಕ್ಕೆ ಕೆಡೆನ್ಜಾ ಅನ್ನುತ್ತಾರೆ. ನುಡಿಸುವವರು ತಮ್ಮದೇ ಬರೆದುಕೊಳ್ಳಬಹುದು ಅಂತ ಲಿಗೆಟಿ ಅನುಮತಿ ಕೊಟ್ಟಿದ್ದಾರೆ. ಪಿಟೀಲುವಾದಕಿ ಪ್ಯಾಟ್ರಿಷಿಯಾ ಕೋಪಚಿನ್ಸ್ಕಾಯಾ ತಮ್ಮದೇ ನುಡಿಸುತ್ತಾರೆ. ಆಗಸ್ಟಿನ್ ಹಾಡೆಲಿಖ್ ನುಡಿಸಿರುವುದು ಥಾಮಸ್ ಆಡೆಸ್ ಬರೆದದ್ದು. ಎರಡನ್ನೂ ಒಂದರ ಹಿಂದೆ ಒಂದು ಕೇಳಿ. ಆಮೇಲೆ ಲಿಗೆಟಿಯ ಶಿಷ್ಯೆ ಉನ್ಸುಕ್ ಚಿನ್ ಅವರ ಮೊದಲ ಪಿಟೀಲು ಕನ್ಸರ್ಟೋಗೆ ಬನ್ನಿ. ಆ ಕೃತಿ ಬೆರಳಿಡದ ಬಿಡಿ ತಂತಿಗಳಿಂದಲೇ ಶುರುವಾಗುತ್ತದೆ.

ಪಿಟೀಲು_ಮೈಸೂರು:
ಆಗಲಿ. ಒಕರಿನಾ ಮಾತ್ರ ಈಗಲೂ ಕಿವಿಗೆ ಚುಚ್ಚುತ್ತದೆ, ಇದ್ದದ್ದು ಹೇಳುತ್ತೇನೆ. ಹುಡುಗಿಗೆ ಅದೇ ಜಾಸ್ತಿ ಇಷ್ಟವಾಯಿತು.