‘ಕಣ’ ಅಂದ್ರೆ ಏನು? ಮನೆ ಗುಂಪಿನಲ್ಲಿ ಭಾನುವಾರದ ಜಗಳ

(ಕಾಸರಗೋಡು ಜಿಲ್ಲೆಯ ಪೆರ್ಲದ ನಮ್ಮ ಮನೆಯ ವಾಟ್ಸಾಪ್ ಗುಂಪು. ತಮ್ಮ ಹಾಕಿದ ವಿಡಿಯೊ: ಮೂರನೇ ಕ್ಲಾಸಿನ ಪುಟ್ಟಿ ಬೆಂಗಳೂರಿಂದ ಬಂದ ಕಥೆಪುಸ್ತಕ ಓದುತ್ತಿದ್ದಾಳೆ.)

ದೊಡ್ಡಮಾವ: ಶಹಬ್ಬಾಸ್! ನೀರು ಕುಡಿದ ಹಾಗೆ ಓದಿದಳು. ಒಂದು ಒತ್ತಕ್ಷರವೂ ತಪ್ಪಲಿಲ್ಲ.

ಅತ್ತಿಗೆ ಟೀಚರ್: ಚೆಂದ ಓದಿದ್ದಾಳೆ ಮಾವ. ‘ಕಣದಲ್ಲಿ ರಾಗಿ ಒಕ್ಕಿದರು’ ಅಂದ್ರೆ ಏನಂತ ಕೇಳಿ ನೋಡಿ.

ತಮ್ಮ: ಕೇಳಿದೆ. ಕಣ್ಣಿಗೆ ರಾಗಿ ಬಿತ್ತಂತೆ!

ದೊಡ್ಡಮಾವ: ಅರ್ಥ ತಾನಾಗಿ ಬರುತ್ತದೆ. ನಾವು ಮಗ್ಗಿ ಕಲಿತದ್ದು ಅರ್ಥ ಕೇಳಿಯಾ?

ಚಿಕ್ಕಪ್ಪ: ಶುಭೋದಯ (ತಾವರೆ ಹೂವಿನ ಚಿತ್ರ)

ಅತ್ತಿಗೆ ಟೀಚರ್: ಅಕ್ಷರ ಬೇಡ ಅಂತ ನಾನು ಹೇಳುವುದಿಲ್ಲ. ಇಂಗ್ಲಿಷಿಗೆ 26 ಅಕ್ಷರ. ನಮ್ಮ 34 ವ್ಯಂಜನಕ್ಕೆ 15ರಂತೆ ಕಾಗುಣಿತವೇ 510, ಮೇಲೆ ಒತ್ತು ಬೇರೆ. ಕೈಗೆ ಬರಲು ವರ್ಷಗಟ್ಟಲೆ ಬೇಕು. ಆದರೆ 1986ರಲ್ಲಿ ಗಫ್, ಟನ್ಮರ್ ಅಂತ ಇಬ್ಬರು ಸಂಶೋಧಕರು ಓದಿ ಅರ್ಥ ಮಾಡಿಕೊಳ್ಳುವುದಕ್ಕೆ ಒಂದು ಲೆಕ್ಕ ಹಾಕಿದರು. ಅಕ್ಷರ ಬಿಡಿಸುವುದನ್ನೂ ಮಾತು ಅರ್ಥವಾಗುವುದನ್ನೂ ಗುಣಿಸಬೇಕು, ಕೂಡಿಸುವುದಲ್ಲ. ಒಂದು ಸೊನ್ನೆಯಾದರೆ ಉತ್ತರವೂ ಸೊನ್ನೆ.

ಚಿಕ್ಕಮ್ಮ: ಮನೆಯಲ್ಲಿ ತುಳು, ಅಂಗಡಿಯಲ್ಲಿ ಮಲಯಾಳ. ಪಾಪ, ಅವಳಿಗೆ ಕನ್ನಡ ಶಬ್ದ ಎಲ್ಲಿಂದ ಬರಬೇಕು?

ದೊಡ್ಡಮಾವ: ನಮ್ಮ ಮನೆಯಲ್ಲೂ ತುಳುವೇ ಇದ್ದದ್ದು. ನಾವು ಕಲಿಯಲಿಲ್ವಾ?

ಅತ್ತಿಗೆ ಟೀಚರ್: ನೀವು ಸಣ್ಣದಿರುವಾಗಲೇ ಯಕ್ಷಗಾನದ ಆಟ, ತಾಳಮದ್ದಳೆ ಅಂತ ರಾತ್ರಿಯಿಡೀ ಕೂತವರು. ಪುಸ್ತಕ ಹಿಡಿಯುವ ಮೊದಲೇ ಕಿವಿಗೆ ಅಷ್ಟು ಕನ್ನಡ ಬಿದ್ದಿತ್ತು. ಇವಳಿಗೆ ಅದೆಲ್ಲಿ?

(ಎರಡು ಗಂಟೆ ಸದ್ದಿಲ್ಲ. ಮಾವ ಸಿಟ್ಟಾದರು ಅಂದುಕೊಂಡೆ. ತೋಟಕ್ಕೆ ಹೋಗಿದ್ದರಂತೆ.)

ತಮ್ಮ: ಈಗ ಚಾಲಿ ಅಡಿಕೆ ಒಣಗಿಸುವುದರ ಬಗ್ಗೆ ನಾಲ್ಕು ಸಾಲು ಪುಟ್ಟಿಗೆ ಬರೆದುಕೊಟ್ಟೆ. ನನ್ನ ಕೋಳಿಕಾಲಿನ ಅಕ್ಷರಕ್ಕೆ ಎರಡು ಕಡೆ ತಡವರಿಸಿದಳು. ಓದಿ ಮುಗಿಸಿ, ‘ಮಳೆ ಬಂದ್ರೆ ಟಾರ್ಪಾಲು ಹಾಕೋದು ಬರೆದೇ ಇಲ್ಲ ಅಲ್ವಾ?’ ಅಂತ ನನ್ನನ್ನೇ ಕೇಳಿದಳು.

ಅತ್ತಿಗೆ ಟೀಚರ್: ನೋಡಿ! 1988ರಲ್ಲಿ ಅಮೆರಿಕದಲ್ಲೂ ಮಕ್ಕಳಿಗೆ ಬೇಸ್‌ಬಾಲ್ ಪಂದ್ಯದ ಕತೆ ಓದಿಸಿ ನೋಡಿದ್ದರು. ಓದಿನಲ್ಲಿ ಹಿಂದಿದ್ದರೂ ಆಟ ಗೊತ್ತಿದ್ದ ಮಕ್ಕಳಿಗೆ, ಆಟ ಗೊತ್ತಿಲ್ಲದ ಜಾಣ ಓದುಗರಿಗಿಂತ ಜಾಸ್ತಿ ಅರ್ಥವಾಗಿತ್ತು.

ದೊಡ್ಡಮಾವ: ಅಮೆರಿಕ ಇರಲಿ. ಗದ್ದೆ ಇದ್ದಾಗ ನಮ್ಮ ಅಂಗಳವೇ ಕಣ. ಭತ್ತ ಬಡಿಯುತ್ತಿದ್ದದ್ದು ಅಲ್ಲೇ, ಈಗ ನಿನ್ನ ಕಾರು ನಿಲ್ಲುವ ಜಾಗದಲ್ಲಿ. ಫೋನ್ ಪುಟ್ಟಿ ಕೈಗೆ ಕೊಡು, ನಾನೇ ಹೇಳುತ್ತೇನೆ. ಕಾಗುಣಿತ ಮಾತ್ರ ಬಿಡಬೇಡಿ ಮತ್ತೆ.