ಕೀನ್ಯಾದಲ್ಲಿ ಹಳ್ಳದ ಪಕ್ಕ ಗಿಡ ನೆಡಬೇಕು: ನೀಲಗಿರಿನಾ, ನಾಟಿ ಮರನಾ?

ದಾರಿಹೋಕ:

ಎಲ್ಲರಿಗೂ ನಮಸ್ಕಾರ. ಕೆಲಸದ ಮೇಲೆ ಎರಡು ವರ್ಷದಿಂದ ಕೀನ್ಯಾದ ನಕುರು ಕಡೆ ಇದ್ದೇನೆ. ಮಳೆ ಶುರುವಾಗುವ ಹೊತ್ತಿಗೆ ಒಂದು ಶಾಲೆಯ ಹಿಂದೆ, ಹಳ್ಳದ ಪಕ್ಕದ ಎರಡು ಎಕರೆಯಲ್ಲಿ ಗಿಡ ನೆಡಬೇಕು ಅಂತ ನಾವು ಕೆಲವರು ಹೊರಟಿದ್ದೇವೆ. ಗುಂಡಿ ತೋಡುವ ಮೊದಲೇ ಜಗಳ ಶುರುವಾಗಿದೆ. ಶಾಲೆಯವರು ನೀಲಗಿರಿ ಹಾಕಿ ಅನ್ನುತ್ತಾರೆ. ಬೇಗ ಬೆಳೆಯುತ್ತದೆ, ಮಕ್ಕಳ ಊಟ ಬೇಯಿಸಲು ಸೌದೆ ಆಗುತ್ತದೆ ಅನ್ನೋದು ಅವರ ಲೆಕ್ಕ. ನಮ್ಮಲ್ಲಿ ಅರ್ಧ ಜನ ಈ ನೆಲದ್ದೇ ಮರ ಆಗಬೇಕು ಅಂತ ಹಟ ಹಿಡಿದಿದ್ದಾರೆ.

ನನಗೆ ಅರ್ಥವಾಗದ್ದು ಬೇರೆ. ನೈವಾಶಾ ಸರೋವರದ ಹತ್ತಿರ ಓಲ್ಕಾರಿಯಾ ಇದೆ, ನೆಲದೊಳಗಿನ ಬಿಸಿ ಆವಿಯಿಂದ ಕರೆಂಟ್ ತೆಗೆಯುತ್ತಾರೆ. ದೇಶದ ಕರೆಂಟಿನಲ್ಲಿ ಹತ್ತತ್ರ ಅರ್ಧ ಇಂಥ ಆವಿಯಿಂದಲೇ ಬರುತ್ತದೆ. ಅಷ್ಟೆಲ್ಲ ಇದ್ದೂ ಹೆದ್ದಾರಿ ಪಕ್ಕ ಇದ್ದಿಲ ಮೂಟೆಗಳು ಸಾಲಾಗಿ ನಿಂತಿರುತ್ತವಲ್ಲ, ಯಾಕೆ? ನಾವು ನೆಟ್ಟು, ಯಾರೋ ಕಡಿದು ಸುಡೋದಾದರೆ ಈ ಗುಂಡಿ ಯಾಕೆ ತೋಡಬೇಕು ಹೇಳಿ.

ಕೆಂಡಸಂಪಿಗೆ:

ಕರೆಂಟ್ ಬಂದರೆ ಅಡುಗೆನೂ ಅದರಲ್ಲೇ ಆಗುತ್ತದೆ ಅಂತ ನಾವು ಸುಮ್ನೆ ಅಂದುಕೊಳ್ಳುತ್ತೇವೆ ಸರ್. ಓಲ್ಕಾರಿಯಾದ ಮೊದಲ ಘಟಕ ಶುರುವಾಗಿದ್ದು 1981ರಲ್ಲಿ. 2019ರ ಜನಗಣತಿ ಹೊತ್ತಿಗೂ ಅರ್ಧಕ್ಕಿಂತ ಜಾಸ್ತಿ ಮನೆಗಳಲ್ಲಿ ಉರಿಯುತ್ತಿದ್ದದ್ದು ಸೌದೆ. ಕರೆಂಟ್ ಇದ್ದವರಿಗೂ ಅದು ಬಲ್ಬು, ಫೋನು, ಟಿವಿಗೆ ಅಷ್ಟೇ.

ನೈರೋಬಿಯಲ್ಲಿ ನಾನಿದ್ದ ವಠಾರದಲ್ಲಿ ಪಕ್ಕದ ಮನೆಯಾಕೆ ಬೆಳಗಿನ ಚಹಾಕ್ಕೆ ಗ್ಯಾಸ್ ಹಚ್ಚುತ್ತಿದ್ದರು. ಗಿಥೇರಿ ಮಾಡುವ ದಿನ ಮಾತ್ರ ಜಿಕೊ ಹೊರಗೆ ಬರುತ್ತಿತ್ತು. ಮೆಕ್ಕೆಜೋಳ, ಬೀನ್ಸ್ ಕಾಳು ಒಟ್ಟಿಗೆ ಹಾಕಿ ಗಂಟೆಗಟ್ಟಲೆ ಬೇಯಿಸಬೇಕು, ಅಷ್ಟು ಹೊತ್ತು ಗ್ಯಾಸ್ ಉರಿಸೋಕೆ ಯಾರಿಗೂ ಮನಸ್ಸು ಬರುವುದಿಲ್ಲ. ಜಿಕೊ ಅಂದರೆ ಡಮರುಗದ ಹಾಗೆ ನಡು ಸಣ್ಣಗಿರುವ ತಗಡಿನ ಒಲೆ, ಒಳಗೆ ಸುಟ್ಟ ಮಣ್ಣಿನ ಬಟ್ಟಲು ಕೂರಿಸಿರುತ್ತಾರೆ. ಬಿಸಿ ಪಕ್ಕಕ್ಕೆ ಸೋರದ ಹಾಗೆ ಆ ಬಟ್ಟಲು ಹಿಡಿದಿಡುತ್ತದೆ, ಬರೀ ತಗಡಿನ ಒಲೆಗಿಂತ ಇದ್ದಿಲು ಎಷ್ಟೋ ಉಳಿಯುತ್ತದೆ. ಆಕೆ ಇದ್ದಿಲು ಕೊಳ್ಳುತ್ತಿದ್ದದ್ದು ದಿನಕ್ಕೊಂದು ಡಬ್ಬ. ಸಿಲಿಂಡರನ್ನು ಡಬ್ಬದ ಲೆಕ್ಕದಲ್ಲಿ ಕೊಡುವವರು ಯಾರು? ಇಡೀ ದುಡ್ಡು ಒಂದೇ ಸಲ ಬೇಕು.

ಕಷ್ಟ ಇರೋದು ಇದ್ದಿಲು ಸುಡುವ ರೀತಿಯಲ್ಲಿ. ಮರ ಪೇರಿಸಿ, ಮಣ್ಣು ಮುಚ್ಚಿ ಸುಡುವ ಹಳೇ ಗೂಡಿನಲ್ಲಿ ಒಂದು ಕೆಜಿ ಇದ್ದಿಲಿಗೆ ಐದರಿಂದ ಹತ್ತು ಕೆಜಿ ಮರ ಹೋಗುತ್ತದೆ. ನಾನು ಕಾಳಿಗೆ ಕರೆಂಟಿನ ಪ್ರೆಶರ್ ಕುಕ್ಕರ್ ಇಟ್ಟುಕೊಂಡಿದ್ದೆ, ಅರ್ಧ ಯೂನಿಟ್ ಆಸುಪಾಸಿನಲ್ಲಿ ಮುಗಿಯುತ್ತಿತ್ತು. ಪಕ್ಕದ ಮನೆಯಾಕೆಗೆ ತೋರಿಸಿದೆ. ನೋಡಿದರು, ನಕ್ಕರು. ‘ಕರೆಂಟ್ ಹೋದರೆ ಮಕ್ಕಳಿಗೆ ಏನು ಹಾಕಲಿ’ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ನರ್ಸರಿ_ಮಾವ:

ಹಳ್ಳದ ಪಕ್ಕ ಅಂದಿರಲ್ಲ, ಅಲ್ಲಿಗೆ ನೀಲಗಿರಿ ಬೇಡವೇ ಬೇಡ. ನೀರಿನ ಪಕ್ಕದ ನೀಲಗಿರಿಯನ್ನು ಕಡಿಯಿರಿ ಅಂತ ಪರಿಸರ ಮಂತ್ರಿಯಾಗಿದ್ದ ಜಾನ್ ಮಿಚುಕಿ 2009ರಲ್ಲೇ ಹೇಳಿದ್ದರು.

ಹಾಗಂತ ಅದನ್ನು ಬೈದು ಕೂತರೂ ಆಗದು. ಅದು ಕೀನ್ಯಾಕ್ಕೆ ಬಂದದ್ದೇ ಉರುವಲಾಗಿ. 1902ರ ಸುಮಾರಿಗೆ ಉಗಾಂಡಾ ರೈಲಿನ ಉಗಿಬಂಡಿಗೆ ಸೌದೆ ಬೇಕು ಅಂತ ಬ್ರಿಟಿಷರು ತಂದು ಹಾಕಿದರು. ಇವತ್ತಿಗೂ ಚಹಾ ಸೊಪ್ಪು ಒಣಗಿಸುವ ಫ್ಯಾಕ್ಟರಿಗಳ ಬಾಯ್ಲರಿಗೆ ಹೋಗುವುದು ಅದೇ. ನೀವು ಹೊಗಳಿದ ಆವಿ ಕರೆಂಟ್ ಹಳ್ಳಿಗೆ ಬರುವುದೂ ಜಾಸ್ತಿ ನೀಲಗಿರಿ ಕಂಬದ ಮೇಲೇ ಅಲ್ವಾ!

ಜಾಗ ಎರಡು ಮಾಡಿಕೊಳ್ಳಿ. ಹಳ್ಳದ ಕಡೆ ಮುಗುಮೊ ಹಾಕಿ. ಅದು ನಮ್ಮ ಆಲ, ಅತ್ತಿಯ ಕುಲದ್ದು, ದಪ್ಪ ಕೊಂಬೆ ಕಡಿದು ನೆಟ್ಟರೂ ಚಿಗುರುತ್ತದೆ. ಕಿಕುಯು ಜನಕ್ಕೆ ಅದು ದೇವರ ಮರ, ಅದಕ್ಕೆ ಕೊಡಲಿ ಹಾಕಲು ಹಿಂದೆಮುಂದೆ ನೋಡುತ್ತಾರೆ. ನಿಮ್ಮ ‘ಕಡಿದರೆ’ ಅನ್ನುವ ಭಯಕ್ಕೆ ಇದಕ್ಕಿಂತ ಒಳ್ಳೇ ಬೇಲಿ ಇಲ್ಲ. ಜೊತೆಗೆ ಮುಕಿಂದುರಿ. ಎಲೆ ಕಹಿ, ದನ ಆಡು ಮುಟ್ಟುವುದಿಲ್ಲ, ಕೊಂಬೆ ಸವರಿದರೆ ಒಳ್ಳೇ ಸೌದೆ, ಕಾಯಿಂದ ಎಣ್ಣೆ. ನಾಟಿ ಮರ ಅಂದರೆ ಉರುವಲಿಗೆ ಆಗದು ಅಂತ ಯಾರು ಹೇಳಿದ್ದು?

ನೀರಿಂದ ದೂರದ ಮೇಲ್ಗಡೆ ತುದಿಗೆ ಒಂದಷ್ಟು ನೀಲಗಿರಿಯೋ ಸಿಲ್ವರ್ ಓಕೋ ಹಾಕಿ, ಇದು ಶಾಲೆಯ ಸೌದೆ ಅಂತ ಮೊದಲೇ ಹೇಳಿಬಿಡಿ. ಸೌದೆಗೆ ಅಂತ ಒಂದು ಜಾಗ ಇಲ್ಲದಿದ್ದರೆ ಕೊಡಲಿ ಹಳ್ಳದ ಕಡೆಗೇ ಬರುವುದು.

ಮುಕಾವ್ ತರ್ತೀನಿ ಅಂತ ಯಾರಾದರೂ ಹೊರಟರೆ ಬೇಡ ಅನ್ನಿ. ನಮ್ಮ ಹೆಬ್ಬೇವಿನ ದಾಯಾದಿ ಅದು, ಮರ ಚಿನ್ನದಂಥದ್ದು, ಆದರೆ ಕಿಟುಯಿ ಕಡೆಯ ಒಣನೆಲದ್ದು. ಅದರ ಓಟೆ ಒಡೆದು ಬೀಜ ಮೊಳಕೆ ಬರಿಸುವಷ್ಟರಲ್ಲಿ ಮಳೆ ಮುಗಿದಿರುತ್ತದೆ.

ಮೂಲೆಮನೆ:

ಮಾವ ಹೇಳಿದ್ದಕ್ಕೆ ನನ್ನದೊಂದು ತಕರಾರು. ಯಾವ ಮರ ಅನ್ನೋದಕ್ಕಿಂತ ಯಾರು ನೋಡಿಕೊಳ್ಳುತ್ತಾರೆ ಅನ್ನೋದು ಮೊದಲು. ಅಲ್ಲಿ ನಾನಿದ್ದ ಕಂಪನಿಯವರು ಬ್ಯಾನರ್ ಕಟ್ಟಿ, ಟೀ ಶರ್ಟ್ ಹಂಚಿ 500 ಸಸಿ ನೆಟ್ಟೆವು. ಎರಡನೇ ವರ್ಷ ಹೋಗಿ ಎಣಿಸಿದರೆ 38 ಇದ್ದವು. ಬ್ಯಾನರ್ ಮಾತ್ರ ಗಟ್ಟಿಯಾಗಿತ್ತು, ಯಾರೋ ಕೋಳಿಗೂಡಿಗೆ ಹೊದಿಸಿದ್ದರು. ಈಗ ಸರ್ಕಾರವೇ 2032ರೊಳಗೆ 1,500 ಕೋಟಿ ಮರ ಅಂತ ಹೊರಟಿದೆ. ನೆಟ್ಟದ್ದನ್ನು ಎಣಿಸುತ್ತಾರೋ ಉಳಿದದ್ದನ್ನೋ?

ವಂಗಾರಿ ಮಾಥಾಯಿ 1977ರಲ್ಲಿ ಗ್ರೀನ್ ಬೆಲ್ಟ್ ಚಳವಳಿ ಶುರು ಮಾಡಿದಾಗ ಹೆಂಗಸರಿಗೆ ಚಿಲ್ಲರೆ ಕಾಸು ಸಿಗುತ್ತಿದ್ದದ್ದು ಬದುಕಿ ಉಳಿದ ಸಸಿಗೆ. ನೊಬೆಲ್ ಬಂದದ್ದು 2004ರಲ್ಲಿ, ಆ ಲೆಕ್ಕ ಮಾತ್ರ ಅದಕ್ಕಿಂತ ಎಷ್ಟೋ ಹಳೆಯದು.

ಬೇಗ ಬೆಳೆಯುತ್ತದೆ ಅನ್ನುವವರಿಗೆ ಬರಿಂಗೊ ಕಥೆ ಹೇಳಿ. ಮರಳುಗಾಡು ತಡೆಯೋಕೆ, ಸೌದೆಗೆ ಅಂತ 1980ರ ದಶಕದಲ್ಲಿ ಅಲ್ಲಿ ಒಂದು ಮುಳ್ಳುಮರ ತಂದು ಹಬ್ಬಿಸಿದರು. ಅವರು ಮಥೆಂಗೆ ಅನ್ನುತ್ತಾರೆ, ನಾವು ಬಳ್ಳಾರಿ ಜಾಲಿ ಅನ್ನುತ್ತೇವೆ. ಗೋಮಾಳ ನುಂಗಿತು. ಸಿಹಿ ಕಾಯಿ ತಿಂದು ತಿಂದು ಆಡುಗಳ ಹಲ್ಲೇ ಹೋದವು. ಜನ ಕೇಸು ಹಾಕಿ, ಹಲ್ಲಿಲ್ಲದ ಆಡನ್ನೇ ಸಾಕ್ಷಿಯಾಗಿ ಕೋರ್ಟಿಗೆ ಕರೆದುಕೊಂಡು ಹೋದರು. ಈಗ ಅದೇ ಮಥೆಂಗೆ ಕಡಿದು ಇದ್ದಿಲು ಸುಡುತ್ತಾರೆ. ಇದ್ದಿಲು ಸುಡಲೇಬೇಕು ಅಂದರೆ ಆ ಮರವನ್ನು ಸುಡಲಿ, ನನ್ನದೇನೂ ಅಡ್ಡಿ ಇಲ್ಲ.

ದಾರಿಹೋಕ:

ಎಲ್ಲರಿಗೂ ಥ್ಯಾಂಕ್ಸ್. ಶಾಲೆಯ ಅಡುಗೆಮನೆಗೆ ಹೋಗಿ ನೋಡಿಕೊಂಡು ಬಂದೆ, ನಾಚಿಕೆ ಆಯಿತು, ಇಷ್ಟು ದಿನ ಆ ಕಡೆ ತಲೆ ಹಾಕಿರಲಿಲ್ಲ. ಮೂರು ಕಲ್ಲಿನ ಒಲೆ, ಗೋಡೆ ಪೂರ್ತಿ ಮಸಿ. ಬೆಂಕಿ ಅರ್ಧಕ್ಕರ್ಧ ಪಾತ್ರೆಯ ಪಕ್ಕದಿಂದ ಹೊರಗೆ ಹೋಗುತ್ತಿತ್ತು. ಅಡುಗೆಯಮ್ಮ ಹಸಿ ಸೌದೆ ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡಿದ್ದರು. ಟೀ ಶರ್ಟಿಗೆ ಅಂತ ಎತ್ತಿಟ್ಟ ದುಡ್ಡಲ್ಲಿ ಮೊದಲು ಚಿಮಣಿ ಇರುವ ಒಲೆ ಕಟ್ಟಿಸೋಣ ಅಂತ ಗುಂಪಿನಲ್ಲಿ ಹೇಳಿದ್ದೇನೆ. ಇಬ್ಬರು ಮುನಿಸಿಕೊಂಡಿದ್ದಾರೆ.

ಮಾವ, ಮುಗುಮೊ ಕೊಂಬೆ ಎಷ್ಟು ದಪ್ಪ ಇರಬೇಕು? ತೋಳಿನಷ್ಟಾ?

ನರ್ಸರಿ_ಮಾವ:

ಮುಂಗೈ ದಪ್ಪ ಸಾಕು, ಉದ್ದ ನಿಮ್ಮ ಎದೆಮಟ್ಟ. ಕಡಿದು ಎರಡು ದಿನ ನೆರಳಲ್ಲಿಡಿ, ಹಾಲು ಆರಲಿ. ತಲೆಕೆಳಗು ಮಾಡಿ ನೆಡಬೇಡಿ ಮಾರಾಯ್ರೆ, ಹಾಗೆ ಮಾಡಿದವರನ್ನೂ ನೋಡಿದ್ದೇನೆ.