ಮರೆಯಲಾಗದ ಹಳೆಯ ಬ್ಯಾಸ್ಕೆಟ್‌ಬಾಲ್ ಆಟಗಾರರು

ಪ್ರಶ್ನೆ, ಬೆಳಗಾವಿಯಿಂದ: ನಮ್ಮ ಟಿಳಕವಾಡಿಯ ಗೆಳೆಯರಲ್ಲಿ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಹಳೆಯ ದಿನಗಳ ಮಾತು ಬಂದರೆ ಮೈಕೆಲ್ ಜೋರ್ಡನ್ ಹೆಸರೊಂದೇ ಕೇಳಿಬರುತ್ತದೆ. ಆಟದ ಜೊತೆಗೆ ವ್ಯಕ್ತಿತ್ವದಿಂದಲೂ ನಿಮ್ಮ ಮನಸ್ಸಿನಲ್ಲಿ ಉಳಿದವರು ಯಾರು?

ಉತ್ತರ, ವಿಜಯಪುರದಿಂದ: ಡೆನ್ನಿಸ್ ರಾಡ್‌ಮನ್, ಸರ್. ಕೂದಲಿಗೆ ದಿನಕ್ಕೊಂದು ಬಣ್ಣ ಹಚ್ಚಿದವರೆಂದೇ ಜನ ಅವರನ್ನು ನೆನೆಯುವುದು ನನಗೆ ಅನ್ಯಾಯವೆನಿಸುತ್ತದೆ. ಚೆಂಡು ರಿಂಗಿಗೆ ಬಡಿದು ಎತ್ತ ಸಿಡಿಯುವುದೆಂದು ಮೊದಲೇ ಅಳೆದು, ತಮಗಿಂತ ಎತ್ತರದವರ ನಡುವಿನಿಂದ ಅದನ್ನು ಕಸಿದು, 1992ರಿಂದ 1998ರವರೆಗೆ ಸತತ 7 ಋತುಗಳಲ್ಲಿ ರೀಬೌಂಡ್‌ನಲ್ಲಿ ಅವರೇ ಮೊದಲಿಗರಾದರು. 1995-96ರಲ್ಲಿ ಶಿಕಾಗೊ ಬುಲ್ಸ್ 82 ಪಂದ್ಯಗಳಲ್ಲಿ 72 ಗೆದ್ದಾಗಲೂ ಅವರು ಆ ತಂಡದಲ್ಲಿದ್ದರು.

ಉತ್ತರ, ಬಾಗಲಕೋಟೆಯಿಂದ: ನಾನು 1987-88ರ ವಾಷಿಂಗ್ಟನ್ ಬುಲೆಟ್ಸ್ ತಂಡವನ್ನು ಹೆಸರಿಸುತ್ತೇನೆ. 7 ಅಡಿ 7 ಇಂಚಿನ ಮನೂಟ್ ಬೋಲ್ ಮತ್ತು 5 ಅಡಿ 3 ಇಂಚಿನ ಮಗ್ಸಿ ಬೋಗ್ಸ್ ಒಂದೇ ಜರ್ಸಿಯಲ್ಲಿ ಆಡಿದ್ದು ಅಲ್ಲಿಯೇ.

ಉತ್ತರ, ಬೆಳಗಾವಿಯಿಂದ: 1979ರಲ್ಲಿ ಡಂಕ್ ಮಾಡುತ್ತ, ಅಂದರೆ ಎಗರಿ ಚೆಂಡನ್ನು ರಿಂಗಿನೊಳಗೆ ಬಲವಾಗಿ ತುರುಕುತ್ತ, ರಿಂಗಿನ ಹಿಂದಿನ ಗಾಜಿನ ಹಲಗೆಯನ್ನು ಎರಡು ಬಾರಿ ಪುಡಿಮಾಡಿದ ಡ್ಯಾರಿಲ್ ಡಾಕಿನ್ಸ್ ಅವರನ್ನೂ ದಯವಿಟ್ಟು ಸೇರಿಸಿಕೊಳ್ಳಿ.